‘ನಾನು’ ಕೆಟ್ಟಾಗ: ಉತ್ತಮ ಪುರುಷ ಕತೆಗಳ ದೋಷ ಹುಡುಕಿ ಸರಿಪಡಿಸುವ ಕೈಪಿಡಿ

ಈ ಕೈಪಿಡಿ ಬೇಕಾಗುವುದು ಕತೆ ಬರೆದು ಮುಗಿದ ಮೇಲೆ. ಮುಂಚೆಯೇ ಓದಿಕೊಂಡು ಕೂತರೆ ಕೈ ಓಡುವುದಿಲ್ಲ. ‘ನಾನು’ ಎಂದು ಶುರುವಾಗುವ ಕತೆಯೊಂದು ನಿಮ್ಮ ಬಳಿ ಸಿದ್ಧವಿದೆ, ನಾಲ್ಕು ಜನರಿಗೆ ಓದಲು ಕೊಟ್ಟಿದ್ದೀರಿ, ಅವರು ‘ಎಲ್ಲೋ ಏನೋ ಸರಿ ಬಂದಿಲ್ಲ’ ಎನ್ನುತ್ತಿದ್ದಾರೆ. ಎಲ್ಲಿ, ಏನು ಎಂದು ಕೇಳಿದರೆ ಅವರಿಗೂ ಹೇಳಲು ಬರುತ್ತಿಲ್ಲ. ಅಲ್ಲಿಂದ ಮುಂದಿನ ಕೆಲಸಕ್ಕೆ ಇದು.

ಶಿರಸಿ, ಕುಮಟಾ, ಕಾರವಾರದ ಕಡೆ ಕತೆ ಓದುವ ಕೂಟಗಳಲ್ಲಿ ಕೇಳಿಬರುವ ದೂರುಗಳನ್ನು ಹೆಕ್ಕಿದರೆ ಹೆಚ್ಚುಕಡಿಮೆ ಇಷ್ಟೇ ಸಿಗುತ್ತವೆ. ‘ನಿಮ್ಮ ಲೆಕ್ಕ ತಪ್ಪಿದೆ ನೋಡಿ, ಆ ವರ್ಷ ಜಾತ್ರೆಯೇ ಇರಲಿಲ್ಲ.’ ‘ಪಾಪ, ಎಷ್ಟು ಒಳ್ಳೆಯ ಮನುಷ್ಯ ಅವನು!’ (ನೀವು ಬರೆದದ್ದು ಒಬ್ಬ ಕಳ್ಳನ ಕತೆ.) ‘ಕಡೆಗೆ ಮೋಸ ಮಾಡಿದ್ರಿ.’ ‘ಅವನು ದಡದಲ್ಲಿ ನಿಂತಿದ್ದನಲ್ಲ, ಬೋಟಿನಲ್ಲಿ ಆಡಿದ ಮಾತು ಅವನಿಗೆ ಹೇಗೆ ಕೇಳಿತು?’ ಮತ್ತೆ ಚಹಾ ಕುಡಿಯುವ ಹೊತ್ತಿಗೆ, ದನಿ ತಗ್ಗಿಸಿ: ‘ಇದು ನಿಮ್ಮದೇ ಮನೆ ಕತೆ, ಅಲ್ದಾ?’

ದೂರು ಒಂದೇ ಆದರೂ ಕಾರಣ ಬೇರೆ ಬೇರೆ ಇರಬಹುದು. ಅದಕ್ಕೇ ದೂರು ಕೇಳಿದ ಕೂಡಲೇ ಪೆನ್ನು ಹಿಡಿದು ತಿದ್ದಲು ಹೋಗಬೇಡಿ. ಅವಸರಕ್ಕೆ ತಿದ್ದಿದವರು ಬಹುಪಾಲು ಚೆನ್ನಾಗಿದ್ದ ಸಾಲನ್ನೇ ಹೊಡೆದುಹಾಕಿರುತ್ತಾರೆ.

ಪರೀಕ್ಷೆಗೊಂದು ತುಣುಕು

ಈ ಕೈಪಿಡಿಗೆಂದೇ ಒಂದು ತುಣುಕು ಕಟ್ಟಿದ್ದೇನೆ. ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಹೇಳುತ್ತಿರುವವನು ಆ ಮನೆಯ ತಮ್ಮ.

‘ಅಣ್ಣ ತೀರಿಕೊಂಡ ವರ್ಷವೇ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದೆ. ತೋಟ ಹಾಳು ಬೀಳಬಾರದಲ್ಲ. ಅತ್ತಿಗೆಗೆ ಲೆಕ್ಕಪತ್ರ ತಿಳಿಯುವುದಿಲ್ಲ. ಕಾಗದವೆಲ್ಲ ಸಹಿಯಾಗಿ ನನ್ನ ಹೆಸರಿಗೆ ಬಂತು. ಅವಳಿಗೆ ಯಾವುದಕ್ಕೂ ಕಡಿಮೆ ಮಾಡಿಲ್ಲ. ಹೊಸ ಮನೆ ಕಟ್ಟಿಸುವಾಗ ಹಳೆ ಮನೆಯ ಅಡುಗೆಕೋಣೆ, ಪಕ್ಕದ ಉಗ್ರಾಣ ಎರಡನ್ನೂ ಕೆಡವದೆ ಅವಳಿಗೇ ಉಳಿಸಿಕೊಟ್ಟೆ. ಪ್ರತಿ ವರ್ಷ ಮಾರಿಜಾತ್ರೆಗೆ ಕರೆದುಕೊಂಡು ಹೋಗಿ ಒಂದು ಸೀರೆ ಕೊಡಿಸುತ್ತೇನೆ.’

ಬರೆದವರ ಉದ್ದೇಶ: ಈತ ಅತ್ತಿಗೆಯ ಪಾಲು ನುಂಗಿದವನು, ಅದನ್ನು ತನಗೂ ಒಪ್ಪಿಕೊಳ್ಳಲಾರದವನು ಎಂದು ಓದುಗರಿಗೆ ಗೊತ್ತಾಗಬೇಕು. ಓದಿದವರ ತೀರ್ಪು: ಬೆಂಗಳೂರಿನ ನೌಕರಿ ಬಿಟ್ಟು ಬಂದ ಆದರ್ಶ ಮೈದುನ. ಅದರ ಮೇಲೆ ಒಬ್ಬರು ಜಾತ್ರೆಯ ಲೆಕ್ಕ ತಪ್ಪಿದೆ ಎಂದೂ ಹೇಳಿದ್ದಾರೆ.

ತಪ್ಪು ಯಾರದು, ಬರೆದವರದೋ ಹೇಳುವವನದೋ?

ಮೊದಲು ಬಗೆಹರಿಸಬೇಕಾದ ಪ್ರಶ್ನೆ ಇದು. ಇದನ್ನು ಬಿಟ್ಟು ಮುಂದೆ ಹೋದರೆ ಉಳಿದ ಯಾವ ಪರೀಕ್ಷೆಯೂ ಫಲ ಕೊಡುವುದಿಲ್ಲ.

ಕತೆಯಲ್ಲಿ ಒಂದಕ್ಕೊಂದು ಹೊಂದದ ಎರಡು ಸಂಗತಿ ಕಂಡಾಗ ಓದುಗರು ಏನು ಮಾಡುತ್ತಾರೆ ಎಂಬುದನ್ನು ಟಮರ್ ಯಾಕೋಬಿ ಎಂಬ ಸಾಹಿತ್ಯ ವಿದ್ವಾಂಸೆ 1981ರ ಒಂದು ಪ್ರಬಂಧದಲ್ಲಿ ಬಿಡಿಸಿ ತೋರಿಸಿದರು. ಓದುಗರ ಮುಂದೆ ಹಲವು ದಾರಿಗಳಿರುತ್ತವೆ. ಇದು ಹಾಗೆಲ್ಲ ನಡೆಯುವ ಬೇರೆಯೇ ಲೋಕ ಎನ್ನಬಹುದು. ಈ ಬಗೆಯ ಕತೆಗಳಲ್ಲಿ ಹೀಗೆ ಇರುವುದೇ ವಾಡಿಕೆ ಎನ್ನಬಹುದು. ಕತೆಯ ಯಾವುದೋ ಉದ್ದೇಶಕ್ಕಾಗಿ ಹೀಗಿದೆ ಎನ್ನಬಹುದು. ಬರೆದವರು ಎಡವಿದ್ದಾರೆ ಎನ್ನಬಹುದು. ಇಲ್ಲವೇ ಹೇಳುತ್ತಿರುವವನ ಮಾತೇ ಸೊಟ್ಟ ಎನ್ನಬಹುದು. ನಂಬಲಾಗದ ನಿರೂಪಕ ಹುಟ್ಟುವುದು ಈ ಕೊನೆಯ ದಾರಿಯಲ್ಲಿ ಮಾತ್ರ. ನಮಗೆ ತೊಂದರೆ ಕೊಡುವುದು ಅದರ ಹಿಂದಿನದು, ಬರೆದವರ ತಲೆಗೆ ಕಟ್ಟುವ ದಾರಿ. ಎರಡೂ ಅಕ್ಕಪಕ್ಕದಲ್ಲೇ ಇವೆ. ಓದುಗರಿಗೆ ಸುಲಭವಾದದ್ದು ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ.

ಪರೀಕ್ಷೆ ಹೀಗೆ ಮಾಡಿ. ತಪ್ಪಾದ ಸಂಗತಿಯ ಮೇಲೆ ಬೆರಳಿಟ್ಟು ಕೇಳಿಕೊಳ್ಳಿ: ಈ ತಪ್ಪಿನಿಂದ ಹೇಳುವವನಿಗೆ ಏನಾದರೂ ಲಾಭವಿದೆಯೇ? ಅವನ ಬೇರೆ ತಪ್ಪುಗಳೂ ಇದೇ ಕಡೆಗೆ ವಾಲುತ್ತವೆಯೇ? ಸರಿಯಾದ ಸಂಗತಿ ಇದೇ ಕತೆಯಲ್ಲಿ ಬೇರೆ ಎಲ್ಲಾದರೂ ಇದೆಯೇ?

ಉದಾಹರಣೆಗೆ, ಒಂದು ಕತೆಯ ‘ನಾನು’ 1985ರ ಬೇಸಿಗೆಯಲ್ಲಿ ಮುಂಬಯಿಯಿಂದ ಬಂದು ಅಂಕೋಲಾ ಸ್ಟೇಷನ್ನಿನಲ್ಲಿ ರೈಲಿಳಿಯುತ್ತಾನೆ ಎಂದುಕೊಳ್ಳಿ. ಕೊಂಕಣ ರೈಲು ಮಾರ್ಗ ಪೂರ್ತಿಯಾದದ್ದು 1998ರಲ್ಲಿ. ರೈಲಿಳಿದದ್ದರಿಂದ ಅವನಿಗೇನೂ ದಕ್ಕುವುದಿಲ್ಲ, ಮುಂದೆ ಆ ಮಾತೂ ಬರುವುದಿಲ್ಲ ಎಂದಾದರೆ ತಪ್ಪು ನಿಮ್ಮದು. ಸುಮ್ಮನೆ ಬಸ್ಸಿನಿಂದ ಇಳಿಸಿ. ಆದರೆ ಅವನು ಊರ ಮುಂದೆ ‘ಬಾಂಬೆ’ ಠೀವಿ ತೋರಿಸುತ್ತ ಬದುಕಿದವನಾಗಿದ್ದರೆ, ಅವನ ದೊಡ್ಡಮ್ಮ ಎಲ್ಲೋ ಒಂದು ಕಡೆ ‘ಬಸ್ಸಿನಲ್ಲಿ ವಾಂತಿ ಮಾಡ್ಕಂಡು ಅಂಗಿಯೆಲ್ಲ ಹೊಲಸಾಗಿತ್ತು ಇವನದ್ದು’ ಎಂದಿದ್ದರೆ, ಅದೇ ರೈಲು ಅವನ ಸುಳ್ಳಾಗಿ ಚೆನ್ನಾಗಿ ಓಡುತ್ತದೆ. ರೈಲು ಅದೇ, ವರ್ಷವೂ ಅದೇ. ದೊಡ್ಡಮ್ಮನ ಒಂದು ಮಾತು ತಪ್ಪಿನ ಯಜಮಾನನನ್ನು ಬದಲಿಸಿತು.

ಈಗ ನಮ್ಮ ಮಾದರಿ ತುಣುಕಿನ ಜಾತ್ರೆಗೆ ಬನ್ನಿ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ: 2022, 2024, ಹೀಗೆ. ‘ಪ್ರತಿ ವರ್ಷ ಸೀರೆ’ ಎಂದವನು ತನ್ನ ಔದಾರ್ಯವನ್ನು ಇಮ್ಮಡಿ ಮಾಡಿಕೊಂಡ. ಲಾಭ ಉಂಟು. ‘ಕಡಿಮೆ ಮಾಡಿಲ್ಲ’, ‘ಉಳಿಸಿಕೊಟ್ಟೆ’ ಎಂಬ ಉಳಿದ ಮಾತುಗಳೂ ಅದೇ ಕಡೆ ವಾಲುತ್ತವೆ. ಮೂರನೆಯ ಪ್ರಶ್ನೆಯಲ್ಲಿ ಮಾತ್ರ ಕತೆ ಸೋಲುತ್ತದೆ: ಜಾತ್ರೆ ಎರಡು ವರ್ಷಕ್ಕೊಮ್ಮೆ ಎಂಬುದು ಪುಟದ ಮೇಲೆ ಎಲ್ಲೂ ಇಲ್ಲ. ಶಿರಸಿಯವರು ನಕ್ಕಾರು, ಯಲ್ಲಾಪುರದವರೂ ನಕ್ಕಾರು. ಕಲಬುರಗಿಯ ಓದುಗರು ಸೀರೆಯನ್ನು ಮೆಚ್ಚಿ ಮುಂದೆ ಹೋಗುತ್ತಾರೆ. ಊರವರಿಗೂ ಇದು ಕತೆಗಾರರ ಅಜ್ಞಾನವೆಂದೇ ತೋರಬಹುದು, ತೋರಿದೆ ಕೂಡ.

ರಿಪೇರಿ ಸಣ್ಣದು. ನಿರೂಪಕನ ಮಗ ಜಾತ್ರೆ ಮುಗಿದ ಮರುದಿನ ‘ಇನ್ನು ತೊಟ್ಟಿಲು ಹತ್ತಬೇಕಂದ್ರೆ ಎರಡು ವರ್ಷ ಕಾಯ್ಬೇಕು’ ಎಂದು ರಚ್ಚೆ ಹಿಡಿಯಲಿ. ಸೀರೆಯ ಮಾತು ಬರುವ ಪುಟದಲ್ಲಿ ಬೇಡ, ಅದಕ್ಕೆ ಮುಂಚೆ.

ಒಂದು ಎಚ್ಚರಿಕೆ. ನಿರೂಪಕನಿಗೆ ಸುಳ್ಳು ಹೇಳಲು ಬಿಡುವ ಮೊದಲು ನಿಮ್ಮ ಸ್ವಂತ ತಪ್ಪುಗಳೆಲ್ಲ ಹೋಗಿರಬೇಕು. ಶಿರಸಿಯ ಜನಪದ ಕುಣಿತವಾದ ಬೇಡರ ವೇಷ ಕುಣಿಯುವುದು ಜಾತ್ರೆಯಿಲ್ಲದ ವರ್ಷದ ಹೋಳಿಯಲ್ಲಿ. ಎರಡನ್ನೂ ಒಂದೇ ತಿಂಗಳಲ್ಲಿ ತರಬೇಡಿ. ಕರಾವಳಿಯಲ್ಲಿ ಈಗ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಜುಲೈ ನಡುವೆ ಟ್ರಾಲರಿನ ಮೀನು ಬಂದರಿಗೆ ಬಂದರೆ ಯಾರೋ ಕಾನೂನು ಮುರಿದಿದ್ದಾರೆ, ಇಲ್ಲವೇ ನೀವು ಕ್ಯಾಲೆಂಡರ್ ನೋಡಿಲ್ಲ. ಇಂಥ ಒಂದು ತಪ್ಪು ನಿಮ್ಮದೆಂದು ಸಿಕ್ಕಿಬಿದ್ದರೆ ಸಾಕು, ಅಲ್ಲಿಂದ ಮುಂದೆ ನಿರೂಪಕನ ಎಲ್ಲ ಸುಳ್ಳುಗಳೂ ನಿಮ್ಮ ಖಾತೆಗೇ ಜಮೆಯಾಗುತ್ತವೆ.

ಪದ್ಯ, ಅರ್ಥ

ನಂಬಲಾಗದ ನಿರೂಪಕ ಎಂಬ ಮಾತನ್ನು ವಿಮರ್ಶೆಗೆ ತಂದವರು ಅಮೆರಿಕದ ವೇಯ್ನ್ ಬೂತ್, 1961ರಲ್ಲಿ. ಅವರ ಪ್ರಕಾರ ನಿರೂಪಕ ನಂಬಲಾಗದವನಾಗುವುದು ಸುಳ್ಳು ಹೇಳಿದಾಗ ಮಾತ್ರವೇ ಅಲ್ಲ. ಇಡೀ ಕೃತಿ ಯಾವ ಮೌಲ್ಯಗಳ ಮೇಲೆ ನಿಂತಿದೆಯೋ ಅವಕ್ಕೆ ಅವನ ಮಾತು, ನಡೆ ಹೊಂದದೆ ಹೋದಾಗ.

ಕೇಳಲು ಬಿಗಿಯಾದ ಮಾತು. ಆದರೆ ನಮ್ಮ ಜಿಲ್ಲೆಯಲ್ಲಿ ತಾಳಮದ್ದಲೆ (ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಬೆಳೆದವರಿಗೆ ಇದು ಗೊತ್ತಿರುವುದೇ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ‘ನಾನು’ ಎಂದು ಮಾತಿಗೆ ತೊಡಗುತ್ತಾನೆ. ಕೌರವನ ಅರ್ಥ ಹೇಳುವವರು ಗಟ್ಟಿಗರಾದರೆ ಒಂದು ಗಂಟೆ ಹೊತ್ತು ಕೌರವನೇ ಸರಿ ಅನ್ನಿಸಿಬಿಡುತ್ತದೆ. ಆದರೂ ಪದ್ಯ ಏನು ಹೇಳಿದೆ ಎಂಬುದು ಸಭೆಗೆ ಮರೆಯುವುದಿಲ್ಲ. ಆ ಎರಡರ ನಡುವಿನ ಎಳೆದಾಟಕ್ಕೇ ಜನ ರಾತ್ರಿಯಿಡೀ ಕೂರುತ್ತಾರೆ. ಕೌರವನ ಸಮರ್ಥನೆ ಕೇಳಿ ಅರ್ಥಧಾರಿಯ ಮನೆಗೆ ಜಗಳಕ್ಕೆ ಹೋದವರನ್ನು ನಾನಂತೂ ಕಂಡಿಲ್ಲ.

‘ನಾನು’ ಎಂಬ ಕತೆಯಲ್ಲಿ ಭಾಗವತರು ಕಾಣಿಸುವುದಿಲ್ಲ. ಪುಟದ ತುಂಬ ಅರ್ಥವೇ. ಪದ್ಯವನ್ನು ಓದುಗರೇ ಊಹಿಸಿಕೊಳ್ಳಬೇಕು, ಅದೂ ಅರ್ಥಧಾರಿಯ ಬಾಯಿಂದ ಜಾರಿದ ಚೂರುಗಳಿಂದ. ಮುಂದಿನ ರಿಪೇರಿಗಳೆಲ್ಲ ಆ ಚೂರುಗಳನ್ನು ಎಲ್ಲಿ, ಎಷ್ಟು ಇಡಬೇಕು ಎಂಬುದರ ಬಗ್ಗೆಯೇ.

ಯಾವ ಬಗೆಯ ಅಪನಂಬಿಕೆ?

ಚೂರು ಇಡುವ ಮೊದಲು ನಿಮ್ಮ ನಿರೂಪಕ ಎಲ್ಲಿ ಸೊಟ್ಟ ಎಂದು ಗೊತ್ತಿರಲಿ. ಜೇಮ್ಸ್ ಫೇಲನ್ ಎಂಬ ವಿಮರ್ಶಕರು ನಿರೂಪಕನ ಕೆಲಸವನ್ನು ಮೂರಾಗಿ ಒಡೆಯುತ್ತಾರೆ: ನಡೆದದ್ದನ್ನು ಹೇಳುವುದು, ಅದನ್ನು ಅರ್ಥ ಮಾಡಿಕೊಳ್ಳುವುದು, ಅದಕ್ಕೆ ಬೆಲೆ ಕಟ್ಟುವುದು. ಮೂರರಲ್ಲೂ ಅವನು ತಪ್ಪಬಹುದು, ಇಲ್ಲವೇ ಅರ್ಧಕ್ಕೆ ನಿಲ್ಲಿಸಬಹುದು.

ಗೋಕರ್ಣದ ರಥಬೀದಿಯ ಮನೆಯೊಂದರ ಎಂಟು ವರ್ಷದ ಹುಡುಗಿ, ಚಿಕ್ಕಪ್ಪ ಮಧ್ಯಾಹ್ನದ ಹೊತ್ತು ಬಾಡಿಗೆ ಕೋಣೆಯ ಬಾಗಿಲು ತಟ್ಟುವುದನ್ನು ಹೇಳಿದರೆ ಅವಳು ನಡೆದದ್ದನ್ನು ನಡೆದ ಹಾಗೇ ಹೇಳಿದ್ದಾಳೆ. ಏನು ನಡೆಯಿತು ಎಂದು ಮಾತ್ರ ಅವಳಿಗೆ ತಿಳಿದಿಲ್ಲ. ಇಲ್ಲಿ ಸುಳ್ಳಿನ ಸುಳಿವು ಹುದುಗಿಸಲು ಹೋದರೆ ಮಗು ಕೃತಕವಾಗುತ್ತದೆ. ಅವಳಿಗೆ ಕಂಡ ವಿವರಗಳನ್ನೇ ಹೆಚ್ಚಿಸಿ: ಯಾರ ಚಪ್ಪಲಿ, ಎಷ್ಟು ಹೊತ್ತು, ಅಮ್ಮ ಅಂದು ಯಾಕೆ ಬಡಿಸಲಿಲ್ಲ. ಇನ್ನು ಮಗನಿಗೆ ಬೆಲ್ಟಿನಿಂದ ಹೊಡೆದದ್ದನ್ನು ಏನೂ ಮುಚ್ಚಿಡದೆ, ಹೆಮ್ಮೆಯಿಂದ ಹೇಳುವ ನಿವೃತ್ತ ಮೇಷ್ಟರ ಕತೆ. ಸಂಗತಿಯೂ ಸರಿ, ಅರ್ಥವೂ ಸರಿ, ಕಟ್ಟಿದ ಬೆಲೆ ತಪ್ಪು. ಈ ಬಗೆಯದಕ್ಕೆ ರಿಪೇರಿಯೇ ಬೇಕಾಗುವುದು ಕಡಿಮೆ, ಓದುಗರು ತಾವಾಗಿಯೇ ದೂರ ಸರಿಯುತ್ತಾರೆ.

ನಮ್ಮ ಮೈದುನ ಹೇಳುವುದರಲ್ಲೂ ಬೆಲೆ ಕಟ್ಟುವುದರಲ್ಲೂ ಸೊಟ್ಟ. ಕಷ್ಟದ ರೋಗಿ. ಅವನ ಮೇಲೆ ಸ್ವಲ್ಪ ಹೊತ್ತು ಕಳೆಯಬೇಕು.

ದೂರು: ‘ಪಾಪ, ಒಳ್ಳೆಯ ಮನುಷ್ಯ’

‘ನಾನು’ ಎಂದು ಮಾತಾಡುವವನನ್ನು ಓದುಗರು ನಂಬಿಯೇ ಶುರು ಮಾಡುತ್ತಾರೆ. ಜಗಲಿಯ ಮೇಲೆ ಕೂತು ಮಾತಿಗೆ ತೊಡಗಿದವರನ್ನು ಮೊದಲ ಮಾತಿಗೇ ಅನುಮಾನಿಸುವುದಿಲ್ಲವಲ್ಲ. ನಂಬಿಕೆ ಮುರಿಯಲು ಪುಟದ ಮೇಲೆ ಕಾರಣ ಬೇಕು. ಮಾದರಿಯಲ್ಲಿ ಕಾರಣವೇ ಇಲ್ಲ. ಇರುವುದೆಲ್ಲ ಬರೆದವರ ತಲೆಯಲ್ಲಿ.

ಸಾಮಾನ್ಯವಾಗಿ ಕಾಣುವ ತಪ್ಪು ರಿಪೇರಿ ಎರಡು. ಒಂದು, ಪಕ್ಕದ ಮನೆಯವರನ್ನು ಕರೆತಂದು ‘ಅವ ಅತ್ತಿಗೆಯ ಪಾಲು ಹೊಡೆದ’ ಎಂದು ಹೇಳಿಸುವುದು. ಇನ್ನೊಂದು, ಕೊನೆಯ ಪುಟದಲ್ಲಿ ನಿರೂಪಕನಿಗೆ ಪಶ್ಚಾತ್ತಾಪ ತರಿಸಿ ಎಲ್ಲ ಒಪ್ಪಿಸುವುದು. ಎರಡರಲ್ಲೂ ಭಾಗವತರು ಪುಟದೊಳಗೆ ನುಗ್ಗಿ ಕೂತಂತೆ ಆಯಿತು. ಕಂಡುಹಿಡಿಯುವ ಕೆಲಸವನ್ನು ಓದುಗರ ಕೈಯಿಂದ ಕಿತ್ತುಕೊಂಡರೆ ‘ನಾನು’ ಎಂದು ಬರೆದದ್ದಾದರೂ ಯಾಕೆ?

ಸರಿಯಾದ ರಿಪೇರಿಗೆ ಸಾಕ್ಷಿ ನಿರೂಪಕನ ಬಾಯಿಂದಲೇ ಬರಬೇಕು, ಅವನು ಬೇರೆ ಯಾವುದೋ ಕೆಲಸದಲ್ಲಿದ್ದಾಗ ಬರಬೇಕು. ಮಾದರಿಯ ತುಣುಕಿಗೆ ನಾಲ್ಕೈದು ಪುಟ ಮುಂಚೆ, ಅಣ್ಣನ ನೆನಪು ಮಾಡಿಕೊಳ್ಳುವಾಗ, ಇಷ್ಟು ಸೇರಿಸಿ ನೋಡಿ:

‘ಅಣ್ಣನಿಗೆ ಬರೆಯುವುದೆಂದರೆ ಬೇಜಾರು. ಸೊಸೈಟಿಯ ವ್ಯವಹಾರ, ಕೊನೆಕೊಯ್ಲಿನ ಕೂಲಿ, ಚಾಲಿ ಎಷ್ಟು ಕೆಂಪಡಿಕೆ ಎಷ್ಟು, ಎಲ್ಲ ಅತ್ತಿಗೆಯ ಮುತ್ತಿನಂಥ ಅಕ್ಷರದಲ್ಲಿ. ನನ್ನ ಕಾಲೇಜಿನ ಫೀಸು ಯಾವ ತಾರೀಕಿಗೆ ಕಳಿಸಿದ್ದು ಎಂಬುದೂ ಆ ಪುಸ್ತಕದಲ್ಲಿ ಸಿಗುತ್ತಿತ್ತು.’

ಇಲ್ಲಿ ಅವನು ಅತ್ತಿಗೆಯನ್ನು ಹೊಗಳುತ್ತಿದ್ದಾನೆ, ಸುಳ್ಳಿಲ್ಲ. ಪುಟಗಳು ಕಳೆದು ‘ಅತ್ತಿಗೆಗೆ ಲೆಕ್ಕಪತ್ರ ತಿಳಿಯುವುದಿಲ್ಲ’ ಎಂದಾಗ ಓದುಗರಿಗೆ ಮುಳ್ಳು ಚುಚ್ಚುತ್ತದೆ. ಫೀಸಿನ ಸಾಲು ಇನ್ನೂ ಒಂದು ಕೆಲಸ ಮಾಡಿತು: ಇವನ ಓದಿನ ಖರ್ಚು ಆ ತೋಟದಿಂದಲೇ ಬಂದದ್ದು, ಅದರ ದಾಖಲೆಯೂ ಅವಳ ಕೈಯಲ್ಲಿದೆ.

ಜಾಗದ ಬಗ್ಗೆ: ಸಾಕ್ಷಿ ಮತ್ತು ಸುಳ್ಳು ಒಂದೇ ಪುಟದಲ್ಲಿದ್ದರೆ ಓದುಗರನ್ನು ದಡ್ಡರೆಂದು ತಿಳಿದಂತೆ. ನಡುವೆ ಕಡೇಪಕ್ಷ ಒಂದು ದೃಶ್ಯ ಬರಲಿ, ಓದುಗರ ಗಮನ ಬೇರೆ ಕಡೆ ಹೋಗಲಿ. ತೀರಾ ದೂರವಿದ್ದರೆ ಮರೆಯುತ್ತಾರೆ. ಆಗ ನಡುವೆ ಆ ಲೆಕ್ಕದ ಪುಸ್ತಕವನ್ನು ಇನ್ನೊಮ್ಮೆ ಯಾವುದಾದರೂ ನೆಪದಲ್ಲಿ ಕಾಣಿಸಿ. ಉಗ್ರಾಣ ಖಾಲಿ ಮಾಡುವಾಗ ಅದು ಸಿಗಲಿಲ್ಲ ಎಂದರೂ ಆದೀತು.

ಇನ್ನು ಕನ್ನಡದ ಕ್ರಿಯಾಪದಗಳೇ ಕೊಡುವ ಸಾಕ್ಷಿ ಇದೆ. ನನಗೆ ಅದು ಎಲ್ಲಕ್ಕಿಂತ ಇಷ್ಟ. ಮಾದರಿಯ ಕ್ರಿಯಾಪದಗಳಿಗೆ ಅಡಿಗೆರೆ ಹಾಕಿ. ಬಂದೆ, ಉಳಿಸಿಕೊಟ್ಟೆ, ಕೊಡಿಸುತ್ತೇನೆ: ಹೆಸರು ಬರುವ ಕೆಲಸಗಳಿಗೆಲ್ಲ ಅವನೇ ಕರ್ತೃ. ‘ಕಾಗದವೆಲ್ಲ ಸಹಿಯಾಗಿ ನನ್ನ ಹೆಸರಿಗೆ ಬಂತು’: ಇಲ್ಲಿ ಯಾರೂ ಏನೂ ಮಾಡಿಲ್ಲ, ಕಾಗದ ತಾನಾಗಿ ಬಂತು. ತಪ್ಪಿತಸ್ಥ ನಿರೂಪಕರು ಕನ್ನಡದಲ್ಲಿ ಅಡಗುವ ಜಾಗ ಈ ‘ಆಯಿತು, ಬಂತು, ಹೋಯಿತು’. ಈ ವಾಲಿಕೆ ನಿಮ್ಮ ಕತೆಯಲ್ಲಿ ತಾನಾಗಿ ಬಂದಿದ್ದರೆ ಉಳಿಸಿಕೊಳ್ಳಿ, ಬಂದಿಲ್ಲದಿದ್ದರೆ ಎರಡು ಮೂರು ಕಡೆ ತನ್ನಿ. ಆದರೆ ಒಳ್ಳೆಯದು ಕೆಟ್ಟದ್ದು ಎನ್ನದೆ ಎಲ್ಲ ಕಡೆಯೂ ‘ಆಯಿತು’ ಎಂದೇ ಬರೆಯುವುದು ನಿಮ್ಮ ಚಾಳಿಯಾಗಿದ್ದರೆ ಅದು ಸಾಕ್ಷಿಯಾಗುವುದಿಲ್ಲ, ತಿದ್ದಿ.

‘ತೋಟ ಹಾಳು ಬೀಳಬಾರದಲ್ಲ.’ ಆ ಕೊನೆಯ ‘ಅಲ್ಲ’ ಯಾರಿಗೆ ಉತ್ತರ? ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವವನ ಕಿವಿಯಲ್ಲಿ ಒಬ್ಬ ಫಿರ್ಯಾದಿ ಇದ್ದೇ ಇರುತ್ತಾನೆ.

ಗೌರವದ ರೂಪಗಳೂ ಹಾಗೆಯೇ. ಅಣ್ಣ ಬದುಕಿದ್ದ ಕಾಲದ ಭಾಗದಲ್ಲಿ ‘ಅತ್ತಿಗೆ ಬಂದರು’ ಎಂದಿದ್ದು, ಕಾಗದ ಹೆಸರಿಗೆ ಬಂದ ಮೇಲೆ ‘ಬಂದಳು’ ಆದರೆ, ಅದರ ಬಗ್ಗೆ ಒಂದಕ್ಷರ ಹೇಳದೆಯೂ ಓದುಗರಿಗೆ ತಟ್ಟುತ್ತದೆ. ಕರಡು ತಿದ್ದುವವರು ‘ಏಕರೂಪತೆ ಇಲ್ಲ’ ಎಂದು ಸರಿ ಮಾಡಿಬಿಡುವ ಅಪಾಯವಿದೆ, ಮೊದಲೇ ಹೇಳಿಡಿ.

ಕೇಳಿದ ಸಂಗತಿಗೆ ‘ಅಂತೆ’ ಇದೆ, ಶಿರಸಿಯ ಹವ್ಯಕರ ಮಾತಿನಲ್ಲಿ ‘ಅಡ’ ಇದೆ: ಮಳೆ ಬತ್ತಡ. ತಾನೇ ಕಂಡದ್ದಕ್ಕೂ ‘ಅಂತೆ’ ಹಚ್ಚುವ ನಿರೂಪಕ ಕೈ ತೊಳೆದುಕೊಳ್ಳುತ್ತಿದ್ದಾನೆ. ಕೇಳಿದ್ದರ ‘ಅಂತೆ’ ಕಿತ್ತುಹಾಕಿ ಕಂಡಂತೆ ಹೇಳುವವನು ಸಾಕ್ಷಿ ಸೃಷ್ಟಿಸುತ್ತಿದ್ದಾನೆ.

ದೂರು: ‘ಕಡೆಗೆ ಮೋಸ ಮಾಡಿದ್ರಿ’

ಇದು ಹಿಂದಿನ ದೂರಿನ ತದ್ವಿರುದ್ಧ. ಕೊನೆಗೆ ನಿಜ ಬಯಲಾಗುತ್ತದೆ, ಓದುಗರು ಬೆರಗಾಗುವ ಬದಲು ಮುನಿಸಿಕೊಳ್ಳುತ್ತಾರೆ.

ಅಗಾಥಾ ಕ್ರಿಸ್ಟಿಯವರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ 1926ರಲ್ಲಿ ಬಂದಾಗಲೂ ಇಂಥ ಮುನಿಸು ಎದ್ದಿತ್ತು. ಕತೆ ಹೇಳುವ ವೈದ್ಯನೇ ಕೊಲೆಗಾರ. (ಸುಮಾರು ನೂರು ವರ್ಷದ ಗುಟ್ಟು, ಇನ್ನು ಬಿಟ್ಟುಕೊಟ್ಟರೆ ತಪ್ಪಿಲ್ಲ.) ಮುನಿಸಿಕೊಂಡವರು ತಿರುಗಿ ಓದಿದರೆ ಅವರ ಕೈಗೆ ಸುಳ್ಳು ಸಿಗುವುದಿಲ್ಲ. ಟಪಾಲು ಬಂದದ್ದು ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇದ್ದಾಗ, ವೈದ್ಯ ಕೋಣೆಯಿಂದ ಹೊರಟದ್ದು ಹತ್ತು ನಿಮಿಷ ಇದ್ದಾಗ. ಎರಡೂ ಅಕ್ಕಪಕ್ಕದ ವಾಕ್ಯಗಳಲ್ಲೇ ಇವೆ. ನಡುವಿನ ಹತ್ತು ನಿಮಿಷದಲ್ಲಿ ಏನಾಯಿತು ಎಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ.

ಪರೀಕ್ಷೆ ಇದೇ. ಗುಟ್ಟು ಗೊತ್ತಿದ್ದವರಿಗೆ ಕತೆಯನ್ನು ಎರಡನೇ ಸಲ ಓದಲು ಕೊಡಿ. ಪ್ರತಿ ವಾಕ್ಯವೂ ನಿಜವಾಗಿಯೇ ಉಳಿದು, ಬಿಟ್ಟ ಜಾಗದ ಅಂಚು ಮಾತ್ರ ಕಂಡರೆ ಕತೆ ಗಟ್ಟಿ. ಗುಟ್ಟು ಕಾಪಾಡಲೆಂದೇ ನಿರೂಪಕ ತನ್ನ ಮನಸ್ಸಿನೊಳಗೂ ಸುಳ್ಳು ಯೋಚಿಸಿದ್ದರೆ, ಉದಾಹರಣೆಗೆ ತಾನೇ ಬಾವಿಗೆ ಎಸೆದ ಬೀಗದ ಕೈಯನ್ನು ‘ಎಲ್ಲಿ ಹೋಯಿತೋ’ ಎಂದು ಒಬ್ಬನೇ ಇರುವಾಗ ಹುಡುಕಿದ್ದರೆ, ಓದುಗರ ಮುನಿಸು ನ್ಯಾಯವೇ. ಆ ಸಾಲು ತೆಗೆದು ಅಲ್ಲಿ ಮೌನ ಇಡಿ. ಸ್ವತಃ ತನಗೇ ಸುಳ್ಳು ಹೇಳಿಕೊಳ್ಳುವವನು ಎಂದು ಮೊದಲೇ ತೋರಿಸಿದ್ದರೆ ಮಾತು ಬೇರೆ.

ದೂರು: ‘ಅವನಿಗೆ ಹೇಗೆ ಗೊತ್ತು?’

ಇದು ಬಹುಪಾಲು ಬರೆದವರ ಎಡವಟ್ಟು, ಹುಡುಕುವುದೂ ಸುಲಭ. ಪೆನ್ಸಿಲ್ ಹಿಡಿದು ಪ್ರತಿ ಸಂಗತಿಯ ಅಂಚಿನಲ್ಲಿ ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ಗುರುತು ಹಾಕುತ್ತ ಹೋಗಿ. ಯಾವ ಗುರುತೂ ಕೂರದ ಸಾಲು ಸಿಕ್ಕರೆ ಅಲ್ಲಿ ಸೋರುತ್ತಿದೆ. ಬೈತಖೋಲ ಬಂದರಿನ ದಡದಲ್ಲಿ ನಿಂತವನು ಆಳಸಮುದ್ರದ ಬೋಟಿನೊಳಗಿನ ಜಗಳವನ್ನು ಮಾತು ಮಾತಾಗಿ ಹೇಳಿದರೆ, ‘ಮರುದಿನ ತಾಂಡೇಲ ಹೇಳಿದ’ (ತಾಂಡೇಲ ಎಂದರೆ ಬೋಟು ನಡೆಸುವವ) ಎಂಬ ಒಂದು ಸಾಲು ಸೋರಿಕೆ ನಿಲ್ಲಿಸುತ್ತದೆ. ಆಗ ಇನ್ನೊಂದು ಬಾಗಿಲೂ ತೆರೆಯುತ್ತದೆ: ತಾಂಡೇಲನನ್ನು ನಂಬಬಹುದೇ?

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯಲ್ಲಿ ಕಾಣುವವಳು ಅಜ್ಜಿ, ಹೇಳುವವನು ಮೊಮ್ಮಗ ಸುಬ್ಬರಾಯ. ಅಜ್ಜಿಗೆ ಕಂಡದ್ದು ಅಜ್ಜಿಯ ಮಾತಾಗಿ ಬರುತ್ತದೆ, ಅವನ ಅನುಮಾನ, ಕುತೂಹಲ ಅವನದಾಗಿ ಉಳಿಯುತ್ತದೆ. ಅಷ್ಟು ದೊಡ್ಡ ಕಾಲದ ಸಂಗತಿಗಳನ್ನು ಒಬ್ಬ ಸಾಧಾರಣ ‘ನಾನು’ ಹೊತ್ತು ನಿಂತಿರುವುದು ಈ ಹಂಚಿಕೆಯಿಂದ.

ಇದೇ ದೂರಿನ ಇನ್ನೊಂದು ರೂಪ ಕಾಲದ್ದು. ‘ನಾನು’ ಕತೆಯಲ್ಲಿ ಇಬ್ಬರಿರುತ್ತಾರೆ: ಅಂದು ಅನುಭವಿಸಿದ ನಾನು, ಇಂದು ಹೇಳುತ್ತಿರುವ ನಾನು. ಹತ್ತು ವರ್ಷದ ಹುಡುಗನ ಬಾಯಲ್ಲಿ ನಲವತ್ತರ ಮಾತು ಬಂದರೆ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ ಎಂದರ್ಥ. ಹೇಳುತ್ತಿರುವುದು ಯಾವಾಗ, ಯಾರಿಗೆ ಎಂದು ನಿಮ್ಮ ಟಿಪ್ಪಣಿಯಲ್ಲಾದರೂ ಬರೆದಿಟ್ಟುಕೊಳ್ಳಿ. ಕಾರವಾರದ ‘ನಾನು’ ಒಬ್ಬ ‘ಈಗಲೂ ಕಾಳಿ ನದಿಯ ಹಳೇ ಸೇತುವೆ ಮೇಲೇ ಗೋವೆಗೆ ಹೋಗಿ ಬರುತ್ತೇನೆ’ ಎಂದರೆ, ಆ ಸೇತುವೆ 2024ರ ಆಗಸ್ಟ್ 7ರಂದು ಕುಸಿದದ್ದರಿಂದ, ಮೂರರಲ್ಲಿ ಒಂದು ನಿಜ. ಅವನು ಹೇಳುತ್ತಿರುವುದು ಅದಕ್ಕೂ ಮುಂಚೆ. ಅಥವಾ ಅವನು ಗೋವೆಗೆ ಹೋಗುವುದೇ ಸುಳ್ಳು. ಅಥವಾ ನೀವು ನೋಡಿಲ್ಲ. ಎರಡನೆಯದಾದರೆ ಎಂಥ ಕತೆ!

ದೂರು: ‘ಇದು ನೀವೇ ಅಲ್ದಾ?’

ಇದಕ್ಕೆ ಔಷಧಿ ಇಲ್ಲ. ಊರು ಸಣ್ಣದು, ಎಲ್ಲರಿಗೂ ಎಲ್ಲರ ತೋಟ ಗೊತ್ತು. ನಿರೂಪಕನ ಕೆಲಸ ಬದಲಿಸಿ, ಊರು ಬದಲಿಸಿ, ಗಂಡನ್ನು ಹೆಣ್ಣು ಮಾಡಿ. ಕೇಳುವವರು ಕೇಳಿಯೇ ತೀರುತ್ತಾರೆ. ಬಿಟ್ಟುಬಿಡಿ. ಆದರೆ ಕತೆಯುದ್ದಕ್ಕೂ ಯಾರೂ, ಒಂದು ಮಗು ಕೂಡ, ನಿರೂಪಕನ ಮಾತಿಗೆ ಎದುರಾಡಿಲ್ಲ, ಅವನಂದುಕೊಂಡದ್ದೆಲ್ಲ ಹಾಗೇ ನಡೆದಿದೆ ಎಂದಾದರೆ ಕೇಳಿದವರ ಮಾತಿನಲ್ಲಿ ಹುರುಳಿರಬಹುದು. ಎದುರಾಡುವವರನ್ನು ಒಬ್ಬರನ್ನಾದರೂ ಒಳಗೆ ಬಿಡಿ.

‘ನಾನು’ ಬೇಕೇ?

ಎಷ್ಟು ತಿದ್ದಿದರೂ ಕತೆ ಕುಂಟುತ್ತಿದ್ದರೆ ಒಂದು ಪುಟ ಆರಿಸಿ ‘ನಾನು’ ಇದ್ದಲ್ಲೆಲ್ಲ ‘ಅವನು’ ಎಂದು ಮಾಡಿ ಓದಿ. ಏನೂ ಕಳೆಯದಿದ್ದರೆ, ಓದು ಇನ್ನಷ್ಟು ಸಲೀಸಾದರೆ, ದೋಷ ಆಯ್ಕೆಯಲ್ಲೇ ಇದೆ. ಇಡೀ ಕತೆಯನ್ನು ಹಾಗೇ ಬದಲಿಸಿ. ಮೈದುನನ ತುಣುಕನ್ನು ಹೀಗೆ ಮಾಡಿ ನೋಡಿ: ‘ಅತ್ತಿಗೆಗೆ ಲೆಕ್ಕಪತ್ರ ತಿಳಿಯುವುದಿಲ್ಲ’ ಎಂಬುದು ಕೂಡಲೇ ಕತೆಗಾರರ ಮಾತಾಗಿ, ನಿಜವಾಗಿ ನಿಲ್ಲುತ್ತದೆ. ಸುಳ್ಳಿಗೆ ಜಾಗವೇ ಉಳಿಯುವುದಿಲ್ಲ. ಅಂಥ ಕತೆಗೆ ‘ನಾನು’ ಬೇಕೇ ಬೇಕು.

ತಿದ್ದಿದ ಮೇಲೆ ಮತ್ತೆ ಓದಲು ಕೊಡುವಾಗ, ಮೊದಲು ಓದದ ಇಬ್ಬರಿಗೆ ಕೊಡಿ. ‘ಅವನನ್ನು ನಂಬಿದ್ರಾ?’ ಎಂದು ಕೇಳಬೇಡಿ. ಆ ಪ್ರಶ್ನೆಯೇ ಅನುಮಾನ ಹುಟ್ಟಿಸುತ್ತದೆ, ಪರೀಕ್ಷೆ ಕೆಡುತ್ತದೆ. ಸಂಗತಿಯ ಮೇಲೆ ಕೇಳಿ: ‘ಅತ್ತಿಗೆ ಆ ಕಾಗದಕ್ಕೆ ಯಾಕೆ ಸಹಿ ಹಾಕಿದರು ಅನ್ನಿಸ್ತು?’ ಇಬ್ಬರೂ ಮೈದುನ ಹೇಳದ ಕಾರಣವೊಂದನ್ನು ಹೇಳಿದರೆ ಕೆಲಸ ಮುಗಿಯಿತು. ಇಬ್ಬರ ಕಾರಣ ಬೇರೆ ಬೇರೆಯಾದರೂ ಅಡ್ಡಿಯಿಲ್ಲ. ಒಬ್ಬರು ಮೈದುನನ ಮಾತನ್ನೇ ಒಪ್ಪಿಸಿದರೆ ಲೆಕ್ಕದ ಪುಸ್ತಕವನ್ನು ಇನ್ನೊಂದು ಪುಟ ಹತ್ತಿರ ತನ್ನಿ. ಇಬ್ಬರೂ ಮೊದಲ ಪುಟದಿಂದಲೇ ಅವನು ಕಳ್ಳ ಎಂದು ಗೊತ್ತಿತ್ತು ಎಂದರೆ ಸಾಕ್ಷಿ ಹೆಚ್ಚಾಗಿದೆ. ‘ಬಂತು’ಗಳಲ್ಲಿ ಒಂದೆರಡನ್ನು ಕಡಿಮೆ ಮಾಡಿ, ಸೀರೆಯನ್ನು ಮಾತ್ರ ಮುಟ್ಟಬೇಡಿ.